ರಕ್ತದಲ್ಲಿ ಅಲೆಯುವ ಯಕೃತ್ತಿನ ಕ್ಯಾನ್ಸರ್ ಕೋಶಗಳು

ಯಕೃತ್ತಿನ ಕ್ಯಾನ್ಸರ್ ಬಹುಕಾಲ ಯಾವ ನೋವನ್ನೂ ತೋರದೆ ಬೆಳೆಯುತ್ತದೆ. ತೂಕ ಇಳಿದು, ಹೊಟ್ಟೆ ಉಬ್ಬಿ, ಕಾಮಾಲೆ ಕಾಣಿಸಿಕೊಳ್ಳುವ ಹೊತ್ತಿಗೆ ಶಸ್ತ್ರಚಿಕಿತ್ಸೆಯ ಕಾಲ ಮೀರಿರುವುದು ಅಪರೂಪವಲ್ಲ. ಹೀಗಿರುವಾಗ, ಒಂದು ರಕ್ತ ಪರೀಕ್ಷೆಯಿಂದಲೇ ಈ ರೋಗವನ್ನು ಪತ್ತೆ ಮಾಡಬಹುದೆಂಬ ಮಾತು ಕಿವಿಗೆ ಬಿದ್ದಾಗ ಆಸೆ ಮೂಡುವುದು ಸಹಜ. ಆ ಪರೀಕ್ಷೆ ಏನನ್ನು ಹುಡುಕುತ್ತದೆ, ಏನನ್ನು ಹೇಳಲಾರದು ಎಂಬುದನ್ನು ನಾವು ತಿಳಿದಿರುವುದು ಒಳ್ಳೆಯದು.

ಗಡ್ಡೆಯಿಂದ ಕಳಚಿಕೊಂಡ ಕೆಲವು ಜೀವಕೋಶಗಳು ರಕ್ತದೊಡನೆ ದೇಹವೆಲ್ಲ ಸುತ್ತುತ್ತವೆ. 1869ರಲ್ಲಿ ಆಸ್ಟ್ರೇಲಿಯಾದ ವೈದ್ಯ ಥಾಮಸ್ ಆಶ್‌ವರ್ತ್, ಕ್ಯಾನ್ಸರಿನಿಂದ ಮಡಿದ ರೋಗಿಯೊಬ್ಬನ ರಕ್ತದಲ್ಲಿ ಗಡ್ಡೆಯ ಕೋಶಗಳನ್ನೇ ಹೋಲುವ ಕೋಶಗಳನ್ನು ಕಂಡು ವರದಿ ಮಾಡಿದರು. ಯಕೃತ್ತಿನಿಂದ ಹೊರಟ ರಕ್ತವು ಹೃದಯದ ಬಲಭಾಗದ ಮೂಲಕ ಶ್ವಾಸಕೋಶವನ್ನು ಸೇರುತ್ತದೆ. ಯಕೃತ್ತಿನಾಚೆ ಹಬ್ಬಿದ ಕ್ಯಾನ್ಸರ್ ಹೆಚ್ಚಾಗಿ ಶ್ವಾಸಕೋಶದಲ್ಲಿ ನೆಲೆಯೂರಲು ಇದೂ ಒಂದು ಕಾರಣ.

ಕಷ್ಟವಿರುವುದು ಹುಡುಕುವುದರಲ್ಲಿ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳೂ ಲಕ್ಷಾಂತರ ಬಿಳಿ ಕಣಗಳೂ ಇರುತ್ತವೆ; ಕ್ಯಾನ್ಸರ್ ಕೋಶಗಳು ಬೆರಳೆಣಿಕೆಯಷ್ಟು, ಎಷ್ಟೋ ವೇಳೆ ಒಂದೂ ಇಲ್ಲ. ಕಂತೆಗಳ ನಡುವೆ ಖೋಟಾ ನೋಟು ಹುಡುಕಿ ಅಭ್ಯಾಸವಿರುವ ನಮ್ಮಂತಹ ಬ್ಯಾಂಕ್ ನೌಕರರಿಗೂ ಈ ಲೆಕ್ಕ ದಿಗಿಲು ಹುಟ್ಟಿಸುತ್ತದೆ.

ಅಮೆರಿಕದಲ್ಲಿ 2004ರಲ್ಲಿ ಅನುಮತಿ ಪಡೆದ ಸೆಲ್‌ಸರ್ಚ್ ಎಂಬ ವ್ಯವಸ್ಥೆಯು 7.5 ಮಿಲಿಲೀಟರ್ ರಕ್ತದಲ್ಲಿ ಇಂತಹ ಕೋಶಗಳನ್ನು ಎಣಿಸುತ್ತದೆ. ಕೋಶದ ಮೇಲಿರುವ ಎಪ್‌ಕ್ಯಾಮ್ ಎಂಬ ಪ್ರೋಟೀನಿಗೆ ಅಂಟುವ ಪ್ರತಿಕಾಯಗಳನ್ನು ಅತಿಸೂಕ್ಷ್ಮ ಕಾಂತೀಯ ಕಣಗಳಿಗೆ ಲೇಪಿಸಿ, ಅಯಸ್ಕಾಂತದಿಂದ ಸೆಳೆಯುವುದು ಅದರ ಕ್ರಮ. ಇದು ಮೊದಲು ಬಂದದ್ದು ಹಬ್ಬಿದ ಸ್ತನ ಕ್ಯಾನ್ಸರಿಗಾಗಿ. ಯಕೃತ್ತಿನ ಕ್ಯಾನ್ಸರ್ ಕೋಶಗಳಲ್ಲಿ ಬಹುಪಾಲಿಗೆ ಈ ಪ್ರೋಟೀನು ಇರುವುದೇ ಇಲ್ಲ ಅಥವಾ ತೀರ ಕಡಿಮೆ. ಹೀಗಾಗಿ ಅವು ಬಲೆಯಿಂದ ನುಣುಚಿಕೊಳ್ಳುತ್ತವೆ. ಆದುದರಿಂದ ಸಂಶೋಧಕರು ಯಕೃತ್ತಿನ ಕೋಶಗಳಿಗೇ ವಿಶಿಷ್ಟವಾದ ಗುರುತುಗಳನ್ನು ಹಿಡಿಯಲು, ಇಲ್ಲವೇ ಗಾತ್ರದಲ್ಲಿ ದೊಡ್ಡದಾದ ಕೋಶಗಳನ್ನು ಸೋಸಿ ತೆಗೆಯಲು ಯತ್ನಿಸುತ್ತಿದ್ದಾರೆ.

ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದಲ್ಲಿ ಈ ಕೋಶಗಳಿದ್ದವರಲ್ಲಿ ರೋಗ ಮರುಕಳಿಸುವ ಸಂಭವ ಹೆಚ್ಚೆಂದು ಹಲವು ಅಧ್ಯಯನಗಳು ತೋರಿಸಿವೆ. ಇದರ ನಿಜವಾದ ಬೆಲೆ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಆರಂಭದ ಪುಟ್ಟ ಗಡ್ಡೆಯಿದ್ದಾಗ ಕೋಶಗಳು ಸಿಗದೆ ಹೋಗಬಹುದು. 'ಇಲ್ಲ' ಎಂಬ ವರದಿಯನ್ನು ನಂಬಿ ಸ್ಕ್ಯಾನ್ ಬಿಡುವುದು ಅಪಾಯಕರ. ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ಇರುವವರಿಗೂ, ಬಹುಕಾಲದ ಹೆಪಟೈಟಿಸ್ ಬಿ ಸೋಂಕಿನಿಂದ ಅಪಾಯ ಹೆಚ್ಚಿರುವವರಿಗೂ ವೈದ್ಯರು ಇಂದು ಸೂಚಿಸುವುದು 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್; ಜೊತೆಗೆ ಸಾಮಾನ್ಯವಾಗಿ ಆಲ್ಫಾ ಫೀಟೋಪ್ರೋಟೀನ್ ಎಂಬ ರಕ್ತ ಪರೀಕ್ಷೆ. ಇದೂ ಪರಿಪೂರ್ಣವಲ್ಲ: ಕ್ಯಾನ್ಸರ್ ಇದ್ದೂ ಅದು ಏರದಿರಬಹುದು, ಯಕೃತ್ತಿನ ಉರಿಯೂತದಲ್ಲಿ ಮತ್ತು ಗರ್ಭಿಣಿಯರಲ್ಲಿ ಸುಮ್ಮನೆ ಏರಬಹುದು.

ತೈವಾನ್ 1984ರಲ್ಲಿ ನವಜಾತ ಶಿಶುಗಳಿಗೆ ಹೆಪಟೈಟಿಸ್ ಬಿ ಲಸಿಕೆ ಆರಂಭಿಸಿದ ಮೇಲೆ ಅಲ್ಲಿನ ಮಕ್ಕಳಲ್ಲಿ ಯಕೃತ್ತಿನ ಕ್ಯಾನ್ಸರ್ ಗಣನೀಯವಾಗಿ ಇಳಿಯಿತು. ಭಾರತದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಈ ಲಸಿಕೆ 2011ರ ಹೊತ್ತಿಗೆ ಎಲ್ಲ ರಾಜ್ಯಗಳನ್ನು ತಲುಪಿತು. ಅದಕ್ಕೂ ಮುಂಚೆ ಹುಟ್ಟಿದವರಲ್ಲಿ ಅನೇಕರು ಇದನ್ನು ಪಡೆದೇ ಇಲ್ಲ. ಮನೆಯಲ್ಲಿ ಒಬ್ಬರಿಗೆ ಈ ಸೋಂಕು ಕಂಡುಬಂದರೆ ಉಳಿದವರೂ ರಕ್ತ ಪರೀಕ್ಷೆ ಮಾಡಿಸಿ, ಸೋಂಕಿಲ್ಲದವರು ವೈದ್ಯರನ್ನು ಕೇಳಿ ಲಸಿಕೆ ಹಾಕಿಸಿಕೊಳ್ಳಬೇಕು.