ಮಂಜರಾಬಾದಿನ ಮಬ್ಬು

ಹಗಲಿಗೂ ಮನಸ್ಸಿಗೂ ಒಂದೇ ಮಾತು ಸಲ್ಲುವ ಸಂದರ್ಭಗಳು ಕನ್ನಡದಲ್ಲಿ ಹಲವು. ದೀಪ ಮಂಕಾಗುತ್ತದೆ, ಮುಖವೂ ಮಂಕಾಗುತ್ತದೆ. ಆಕಾಶಕ್ಕೆ ಮಬ್ಬು ಕವಿಯುತ್ತದೆ, ಬುದ್ಧಿಗೂ ಕವಿಯುತ್ತದೆ. ಮೋಡ ಮೇಲಿದ್ದರೂ ಅದರ ನೆರಳು ಒಳಗೆ ಬೀಳುತ್ತದೆಂಬುದನ್ನು ನಮ್ಮ ಹಿರಿಯರು ಯಾವ ಶಾಸ್ತ್ರವನ್ನೂ ಓದದೆ ಬಲ್ಲವರಾಗಿದ್ದರು. ‘ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ’ ಎಂಬ ಗಾದೆಯನ್ನು ಕೆರೆ ನಂಬಿದ ಬಯಲುಸೀಮೆ ಸಂಶಯವಿಲ್ಲದೆ ಹೇಳಬಹುದು. ವಾರಗಟ್ಟಲೆ ಸೂರ್ಯನನ್ನೇ ಕಾಣದ ಮಲೆನಾಡಿನವರು ಮಾತ್ರ ಅದನ್ನು ಹೇಳುವ ಮೊದಲು ಒಮ್ಮೆ ಆಕಾಶದ ಕಡೆ ನೋಡಿಯಾರು.

ಹಾಸನದಿಂದ ಮಂಗಳೂರಿನ ದಾರಿ ಹಿಡಿದವರಿಗೆ ಈ ಎರಡು ಲೋಕಗಳ ನಡುವಣ ಹೊಸ್ತಿಲು ಸಿಕ್ಕುವುದು ಆಲೂರು ತಾಲ್ಲೂಕಿನಲ್ಲಿ, ಪಾಳ್ಯದ ಆಸುಪಾಸಿನಲ್ಲಿ. ಪಾಳ್ಯವೆಂದರೆ ಬೀಡು, ತಂಗುವ ಠಾವು. ಅಲ್ಲಿಂದ ಪೂರ್ವಕ್ಕೆ ಬಯಲು ಬಿಚ್ಚಿಕೊಳ್ಳುತ್ತದೆ. ಪಶ್ಚಿಮಕ್ಕೆ ಸಕಲೇಶಪುರದ ಬೆಟ್ಟಗಳು. ಅರಬ್ಬೀ ಸಮುದ್ರದಿಂದ ಬರುವ ನೀರುಗಾಳಿ ಘಟ್ಟಕ್ಕೆ ತಾಗಿ ಮೇಲೇರುತ್ತದೆ, ತಣ್ಣಗಾಗಿ ಮಳೆ ಸುರಿಸುತ್ತದೆ. ಘಟ್ಟದ ನೆತ್ತಿಯಲ್ಲಿ ಭೋರ್ಗರೆದ ಮಳೆ ಪೂರ್ವಕ್ಕೆ ಬಂದಂತೆ ಸೋನೆಯಾಗುತ್ತದೆ, ಮುಂದೆ ಬರಿಯ ಮೋಡವಾಗಿ ನಿಲ್ಲುತ್ತದೆ.

ಈ ಮಬ್ಬು ಸೀಮೆಯ ಹೆಸರಿನಲ್ಲಿಯೇ ಸೇರಿಕೊಂಡಿದೆ. ಹಿಂದೆ ಬಲಂ ಎಂದು ಹೆಸರಾಗಿದ್ದ ಈ ನಾಡಿನಲ್ಲಿ, ಮಂಗಳೂರಿನ ದಾರಿಯನ್ನು ಕಾಯಲೆಂದು ಟಿಪ್ಪು ಸುಲ್ತಾನನು ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯೊಂದನ್ನು ಕಟ್ಟಿಸಿದನು. ಕೆಲಸ ಪೂರೈಸಿದ್ದು 1792ರಲ್ಲಿ. ಕೋಟೆಯನ್ನು ನೋಡಲು ಬಂದ ಸುಲ್ತಾನನಿಗೆ ಮಂಜಲ್ಲದೆ ಬೇರೇನೂ ಕಾಣಲಿಲ್ಲವೆಂದೂ, ಆದುದರಿಂದಲೇ ಅದು ಮಂಜರಾಬಾದ್ ಆಯಿತೆಂದೂ ಪ್ರತೀತಿ. ಪಾರಸಿ ಬಲ್ಲವರು ಬೇರೆ ಅರ್ಥ ಹೇಳುತ್ತಾರೆ: ‘ಮಂಜರ್’ ಎಂದರೆ ನೋಟ, ಕಣ್ಣಿಗೆ ಬೀಳುವ ದೃಶ್ಯ. ಒಂದು ಅರ್ಥದಲ್ಲಿ ಏನೂ ಕಾಣದ ಊರು, ಇನ್ನೊಂದರಲ್ಲಿ ಎಲ್ಲವೂ ಕಾಣುವ ಊರು! ಕೋಟೆಯ ಮೇಲೆ ಆಷಾಢದಲ್ಲಿ ಒಮ್ಮೆ, ಮಾರ್ಗಶಿರದಲ್ಲಿ ಒಮ್ಮೆ ನಿಂತವರಿಗೆ ಎರಡೂ ನಿಜವೆನಿಸುತ್ತದೆ.

ಕಾಣದ ತಿಂಗಳುಗಳನ್ನು ಜನ ಹೇಗೆ ಕಳೆದರು? ಮೊದಲನೆಯದಾಗಿ, ಅವುಗಳಿಗೆ ಹೆಸರಿಟ್ಟರು. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ. ಒಂದೊಂದು ಮಳೆಗೂ ಹದಿಮೂರು ಹದಿನಾಲ್ಕು ದಿನಗಳ ಅವಧಿ. ಒಂದೊಂದಕ್ಕೂ ಅದರದೇ ಸ್ವಭಾವ, ಅದರದೇ ಕೆಲಸ. ಕೊನೆಯಿಲ್ಲದ ಕತ್ತಲೆಯನ್ನು ಯಾರೂ ಸಹಿಸಲಾರರು. ಆದರೆ ‘ಈ ಮಳೆ ಇನ್ನು ಐದು ದಿನ’ ಎಂದರೆ ಸಹಿಸಬಹುದು. ಕಂಬಳಿಕೊಪ್ಪೆ ಹಾಕಿಕೊಂಡು ಗದ್ದೆಗಿಳಿದು ನಾಟಿ ಮಾಡುವವರಿಗೆ ಬೇಸರಕ್ಕೆ ಬಿಡುವೂ ಕಡಿಮೆ.

ಎರಡನೆಯದಾಗಿ, ದೇಹದ ಜಡವನ್ನು ಒಪ್ಪಿಕೊಂಡರು. ವರ್ಷಋತುವಿನಲ್ಲಿ ಜಠರಾಗ್ನಿ ಕುಂದುತ್ತದೆ, ವಾತ ಕೆರಳುತ್ತದೆ ಎಂದು ಚರಕಸಂಹಿತೆ ಎಚ್ಚರಿಸಿ, ಆ ಕಾಲಕ್ಕೆ ತಕ್ಕ ಆಹಾರವನ್ನು ವಿಧಿಸಿತು. ಮಲೆನಾಡಿನ ಅಡಿಗೆಮನೆ ತನ್ನದೇ ಸಂಹಿತೆಯನ್ನು ಬರೆದುಕೊಂಡಿತು: ಬಿಸಿ ಅಕ್ಕಿರೊಟ್ಟಿ, ಕಳಲೆಯ ಪಲ್ಯ, ಗುಡುಗಿಗೆ ಎದ್ದ ಅಣಬೆ, ಸುಟ್ಟ ಹಲಸಿನ ಬೀಜ. ನೆರೆಯ ಕೊಡಗಿನಲ್ಲಿ ಕಕ್ಕಡದ ಹದಿನೆಂಟನೆಯ ದಿನ ಮದ್ದುಸೊಪ್ಪಿನ ಪಾಯಸ ಉಣ್ಣುತ್ತಾರೆ. ಮಳೆ ಕೊಟ್ಟದ್ದನ್ನೇ ಮಳೆಗೆ ಮದ್ದಾಗಿ ಮಾಡಿಕೊಂಡ ಜಾಣ್ಮೆ ಇದು.

ಮೂರನೆಯದಾಗಿ, ಕಟ್ಟಿಹಾಕಿದ ಕಾಲವನ್ನು ಕೂಡಿ ಕುಳಿತುಕೊಳ್ಳುವ ಕಾಲವನ್ನಾಗಿ ಮಾಡಿದರು. ಸಂಚಾರವೇ ಧರ್ಮವಾದ ಜೈನ ಮುನಿಗಳೂ ಬೌದ್ಧ ಭಿಕ್ಷುಗಳೂ ಮಳೆಗಾಲದಲ್ಲಿ ಒಂದೆಡೆ ನಿಂತರು. ನಿಂತ ಕಾಲ ಅಧ್ಯಯನಕ್ಕೂ ಉಪದೇಶಕ್ಕೂ ಒದಗಿತು. ಕರಾವಳಿಯಲ್ಲಿಯೂ ಉತ್ತರದ ಮಲೆನಾಡಿನಲ್ಲಿಯೂ ಬಯಲಾಟ ನಿಂತೊಡನೆ ತಾಳಮದ್ದಳೆ ಮನೆಯ ಜಗಲಿಗೆ ಬಂತು. ವೇಷವಿಲ್ಲ, ಕುಣಿತವಿಲ್ಲ, ಮಾತೇ ಬಣ್ಣ, ಮಾತೇ ಬೆಳಕು. ಕಾಳಿದಾಸನ ಯಕ್ಷನು ಮೋಡವನ್ನು ಕಂಡು ಸಂದೇಶ ಕಳುಹಿಸಿದ್ದೂ ಆಷಾಢದಲ್ಲಿಯೇ. ಹೊಸ ಸೊಸೆಯನ್ನು ಆ ತಿಂಗಳು ತವರಿಗೆ ಕಳುಹಿಸುವ ಪದ್ಧತಿಯಲ್ಲಿ ವಿರಹಕ್ಕೂ ಒಂದು ಮರ್ಯಾದೆ, ಒಂದು ಗಡುವು ದೊರೆಯಿತು.

ಆದರೆ ಈ ಚಿತ್ರಕ್ಕೆ ಬರಿಯ ಹೊಂಬಣ್ಣ ಬಳಿಯುವುದು ನ್ಯಾಯವಲ್ಲ. ಜಗಲಿಯಲ್ಲಿ ಅರ್ಥಗಾರಿಕೆ ನಡೆಯುವಾಗ ಒಳಗೆ ಹಸಿ ಸೌದೆ ಊದುತ್ತಿದ್ದವಳ ಕಣ್ಣಿಗೆ ಬಂದದ್ದು ಹೊಗೆಯ ನೀರೋ ಮನಸ್ಸಿನ ನೀರೋ, ಯಾರೂ ಕೇಳಲಿಲ್ಲ. 1843ರಿಂದ ಐರೋಪ್ಯರ ಕಾಫಿ ತೋಟಗಳು ಈ ಸೀಮೆಯಲ್ಲಿ ತಲೆಯೆತ್ತಿದವು. ಊರುಬಿಟ್ಟು ಬಂದು ತೋಟದ ಲೈನುಗಳಲ್ಲಿ ನೆಲೆಸಿದ ಕೂಲಿಗಾರರಿಗೆ ಹಳೆಯ ಜಗಲಿಯೂ ಇರಲಿಲ್ಲ. ಆಸರೆಯಿಲ್ಲದವರಿಗೆ ಮಬ್ಬು ಬರಿಯ ಮಬ್ಬೇ.

ಈ ಮಂಕಿಗೆ ವಿಜ್ಞಾನವೂ ಹೆಸರಿಟ್ಟಿದೆ. 1984ರಲ್ಲಿ ಅಮೆರಿಕದ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು ಋತುವಿನೊಡನೆ ಬಂದು ಋತುವಿನೊಡನೆ ಹೋಗುವ ಖಿನ್ನತೆಯನ್ನು ವಿವರಿಸಿ, ಪ್ರಖರವಾದ ಬೆಳಕಿನಿಂದ ಅದು ತಗ್ಗುವುದನ್ನು ತೋರಿಸಿದರು. ಬೆಳಗಿನ ಬೆಳಕು ಕಣ್ಣನ್ನು ಹೊಕ್ಕು ದೇಹದ ಒಳಗಡಿಯಾರವನ್ನು ಸರಿಪಡಿಸುತ್ತದೆ. ಉತ್ತರ ದೇಶಗಳಲ್ಲಿ ಚಳಿಗಾಲದ ಹಗಲೇ ಗಿಡ್ಡವಾಗಿ ಬೆಳಕು ಕುಗ್ಗುತ್ತದೆ. ನಮ್ಮಲ್ಲಾದರೋ ವರ್ಷದ ಅತಿ ದೀರ್ಘ ಹಗಲುಗಳನ್ನೇ ಮೋಡ ನುಂಗುತ್ತದೆ.

ಇತ್ತೀಚೆಗೆ ಬೇಸರದ ಜೊತೆಗೆ ಭಯವೂ ಸೇರಿದೆ. 2018ರ ಆಗಸ್ಟಿನ ಮಳೆಗೆ ಗುಡ್ಡಗಳು ಕುಸಿದು ಶಿರಾಡಿ ಘಟ್ಟದ ರಸ್ತೆಯೂ ರೈಲುದಾರಿಯೂ ಮುಚ್ಚಿದವು. 2024ರ ಜುಲೈಯಲ್ಲಿ ಮತ್ತೆ ಹಳಿಯ ಕೆಳಗಿನ ಮಣ್ಣು ಜಾರಿತು. ಭಯಕ್ಕೆ ಗಾದೆಯೊಂದೇ ಸಾಲದು. ಗುಡ್ಡವನ್ನು ಬಗೆಯುವ ಕೈಯನ್ನು ತಡೆಯುವುದೂ ಬೇಕು. ಮಳೆ ನಿಂತರೂ ಮಂಕು ಬಿಡದವರಿಗೆ ವೈದ್ಯನೂ ಬೇಕು. 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಮನೆಯಿಂದಲೇ ಮಾತನಾಡಬಹುದು.

ಇಷ್ಟಾದರೂ ಹಿರಿಯರಿಂದ ಕಲಿಯಬೇಕಾದದ್ದು ಉಳಿದಿದೆ. ಮೋಡಕ್ಕೆ ಮನಸ್ಸು ಬಾಡುವುದನ್ನು ಅವರು ದೌರ್ಬಲ್ಯವೆನ್ನಲಿಲ್ಲ. ಅದಕ್ಕೆ ಹೆಸರು, ಗಡುವು, ಕೆಲಸ, ಜೊತೆ ಈ ನಾಲ್ಕನ್ನು ಒದಗಿಸಿದರು. ಜೊತೆ ದೊರೆಯದವರಿಗೆ ಅದನ್ನು ದೊರಕಿಸುವ ಕೆಲಸ ನಮ್ಮ ಪಾಲಿನದು. ಪುಷ್ಯದ ಮಳೆ ಹಿಡಿದ ಸಂಜೆ, ನೆರೆಮನೆಯ ಒಂಟಿ ಮುದುಕಿಯನ್ನು ಕರೆದು ನಮ್ಮ ಒಲೆಯ ಬಳಿ ಕೂರಿಸಿಕೊಳ್ಳುವುದು ದೊಡ್ಡ ಕಾರ್ಯವೇನೂ ಅಲ್ಲ. ಮಂಜು ಕರಗುವವರೆಗೆ ಇಬ್ಬರಿಗೂ ಅದರಿಂದ ಸುಖವುಂಟು.