ಗೊಬ್ಬರಕ್ಕೆಂದು ಸಾಕಿದ ದನ

ಕಾಸರಗೋಡು ಗಿಡ್ಡ ಎಂಬ ಸಣ್ಣ ತಳಿಯ ದನದ ಬಗ್ಗೆ ಈಗ ನಡೆಯುವ ಚರ್ಚೆಯೆಲ್ಲ ಹಾಲಿನಿಂದಲೇ ಶುರುವಾಗುತ್ತದೆ. ದಿನಕ್ಕೆ ಎರಡು ಲೀಟರು ದಾಟದ ದನವನ್ನು ಕಟ್ಟಿಕೊಂಡು ಏನು ಮಾಡುವುದು ಎಂದು ಕೆಲವರು ಕೇಳಿದರೆ, ಆ ಎರಡು ಲೀಟರೇ ಅಮೃತ, ಅದು ಎ2 ಹಾಲು ಎಂದು ಮತ್ತೆ ಕೆಲವರು ವಾದಿಸುತ್ತಾರೆ. ಆದರೆ ಅಗಲ್ಪಾಡಿ, ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರು ತಲೆಮಾರುಗಳ ಕಾಲ ಹಟ್ಟಿ ತುಂಬ ಈ ದನಗಳನ್ನು ಸಾಕಿದ್ದು ಮುಖ್ಯವಾಗಿ ಗೊಬ್ಬರಕ್ಕೆ. ಹಾಲು ಮನೆಯ ಕಾಫಿಗೂ ಮಜ್ಜಿಗೆಗೂ ಒದಗಿದರೆ ಸಾಕಿತ್ತು. ಇದನ್ನು ಮರೆತು ಹೊರಟರೆ ಈ ತಳಿ ಇಷ್ಟು ಕಾಲ ಹೇಗೆ ಬದುಕಿತು ಎಂಬುದೂ ತಿಳಿಯುವುದಿಲ್ಲ, ಈಗ ಯಾಕೆ ಕಾಣೆಯಾಗುತ್ತಿದೆ ಎಂಬುದೂ ತಿಳಿಯುವುದಿಲ್ಲ.

ಅಡಿಕೆ ತೋಟದ ಲೆಕ್ಕವನ್ನೇ ನೋಡಿ. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆ, ಅಂದರೆ ನಮ್ಮ ಸಿಪಿಸಿಆರ್‌ಐ, ರಾಸಾಯನಿಕ ಗೊಬ್ಬರದ ಜೊತೆಗೂ ಮರವೊಂದಕ್ಕೆ ವರ್ಷಕ್ಕೆ 12 ಕಿಲೊ ಹಸಿರೆಲೆ, 12 ಕಿಲೊ ಕಾಂಪೋಸ್ಟ್ ಹಾಕಬೇಕೆನ್ನುತ್ತದೆ. ಎಕರೆಗೆ 550 ಮರ ಎಂದು ಹಿಡಿದರೆ ಎರಡೂ ಸೇರಿ 13 ಟನ್ ದಾಟುತ್ತದೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿದು ಮುರಮಣ್ಣಿನ ಸಾರವನ್ನೆಲ್ಲ ತೊಳೆದೊಯ್ಯುವ ಈ ನೆಲದಲ್ಲಿ ಅಷ್ಟು ಗೊಬ್ಬರ ಮಾಡುವ ಕಾರ್ಖಾನೆಯೆಂದರೆ ಹಟ್ಟಿಯೇ. ಹಗಲೆಲ್ಲ ಗುಡ್ಡದಲ್ಲಿ ಮೇದು ಬಂದ ದನಗಳನ್ನು ಸಂಜೆ ಕಟ್ಟುವ ಮೊದಲು ಗುಡ್ಡದಿಂದ ಹೊತ್ತು ತಂದ ಸೊಪ್ಪನ್ನು ನಿನ್ನೆಯ ಸೊಪ್ಪಿನ ಮೇಲೆ ಹರಡುತ್ತಿದ್ದರು. ರಾತ್ರಿಯಿಡೀ ಸಗಣಿ, ಗಂಜಳ ಬಿದ್ದು, ಗೊರಸಿನಡಿ ತುಳಿದು, ಪದರದ ಮೇಲೆ ಪದರ ಏರಿ ಹಟ್ಟಿಯ ನೆಲವೇ ಮೇಲೆ ಬರುತ್ತಿತ್ತು. ಆಮೇಲೆ ಅದನ್ನು ಅಗೆದು ಬುಟ್ಟಿಯಲ್ಲಿ ಹೊತ್ತು ಬುಡ ಬುಡಕ್ಕೆ ಹಾಕುವುದು. ಈ ಏರ್ಪಾಡಿಗೆ ಒಂದೆರಡು ದೊಡ್ಡ ದನಕ್ಕಿಂತ ಹತ್ತು ಸಣ್ಣ ದನ ಅನುಕೂಲ. ಮೂರಡಿ ಎತ್ತರದ, ಒಂದೂವರೆ ಕ್ವಿಂಟಲ್ ಆಸುಪಾಸು ತೂಗುವ ಗಿಡ್ಡ ಕಡಿದಾದ ಗುಡ್ಡ ಹತ್ತುತ್ತದೆ, ಮುಳಿಹುಲ್ಲನ್ನೂ ಮೇಯುತ್ತದೆ, ತೋಟದಲ್ಲಿ ಬಿದ್ದ ಹಾಳೆಯನ್ನೂ ತಿನ್ನುತ್ತದೆ. ಉಳಿದದ್ದಕ್ಕೆ ಅಕ್ಕಚ್ಚು, ಒಂದಿಷ್ಟು ಬೈಹುಲ್ಲು. ದೊಡ್ಡ ದನ ಸಿಗದೆ ಗಿಡ್ಡ ಸಾಕಿದರು ಎಂಬ ಮಾತು ನಿಲ್ಲುವುದಿಲ್ಲ. ಸುಬ್ರಹ್ಮಣ್ಯದ ಹತ್ತಿರ ಕುಳ್ಕುಂದದ ಜಾನುವಾರು ಜಾತ್ರೆಗೆ ಘಟ್ಟದ ಎತ್ತುಗಳು ಬರುತ್ತಿದ್ದವು, ಕರಾವಳಿಯವರು ಹೂಟೆಗೆ ಕೊಂಡು ತರುತ್ತಿದ್ದರು. ಹಟ್ಟಿಗೆ ಮಾತ್ರ ಗಿಡ್ಡವೇ ಆಯಿತು.

ಆದರೆ ಆ ಸೊಪ್ಪು, ಆ ಮೇವು ಬಂದದ್ದು ಎಲ್ಲಿಂದ? ಈ ಇತಿಹಾಸದ ಮುಖ್ಯ ಭಾಗ ಇಲ್ಲಿದೆ. ಕಾಸರಗೋಡು ಕೇರಳಕ್ಕೆ ಸೇರುವ ಮೊದಲು, 1956ರ ನವೆಂಬರ್ 1ರವರೆಗೂ, ಮದ್ರಾಸಿನ ದಕ್ಷಿಣ ಕೆನರಾ ಜಿಲ್ಲೆಯ ತಾಲೂಕು. ಆ ಜಿಲ್ಲೆಯಲ್ಲಿ ವರ್ಗದಾರನಿಗೆ, ಅಂದರೆ ಜಮೀನಿನ ಹಿಡುವಳಿದಾರನಿಗೆ, ಕುಮ್ಕಿ ಎಂಬ ಸವಲತ್ತು ಇತ್ತು. ಕದೀಂ, ಅಂದರೆ ಹಳೆಯ, ವರ್ಗದ ಜಮೀನಿಗೆ ತಾಗಿದ ಸುಮಾರು 100 ಗಜದೊಳಗಿನ ಸರಕಾರಿ ನೆಲದಿಂದ ಸೊಪ್ಪು, ಸೌದೆ, ಮೇವು ತೆಗೆದುಕೊಳ್ಳಬಹುದು, ಆದರೆ ನೆಲ ಅವನದಲ್ಲ. ತೋಟ ಕಣಿವೆಯಲ್ಲಿ, ಕುಮ್ಕಿ ಗುಡ್ಡದಲ್ಲಿ, ನಡುವೆ ನಡೆದಾಡುವ ದನ. ಗಡಿಯಾಚೆ ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ 79ನೇ ಕಲಂ ಕುಮ್ಕಿಯನ್ನು ಹೆಸರು ಹಿಡಿದೇ ಉಳಿಸಿಕೊಂಡಿತು. ಈಚೆ ಗುಡ್ಡಗಳಿಗೆ ರಬ್ಬರ್ ಬಂತು, ಗೇರು ಬಂತು. ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದಾಗ ಬಾಧಿತವಾದ ಪಂಚಾಯತುಗಳಲ್ಲಿ ಅಗಲ್ಪಾಡಿ ಇರುವ ಕುಂಬ್ಡಾಜೆಯೂ ಒಂದು. ಪಕ್ಕದ ಪಡ್ರೆಯಲ್ಲಿ ಅನಾಹುತದ ಮೊದಲ ಸುಳಿವು ಕೊಟ್ಟದ್ದು ಕಾಲು ಸೊಟ್ಟಗಾಗಿ ಹುಟ್ಟಿದ ಕರುಗಳು. ಗುಡ್ಡ ಹೋದ ಮೇಲೆ ಹತ್ತು ದನ ಇದ್ದಲ್ಲಿ ಎರಡು ಉಳಿದವು. ಎರಡೇ ಎಂದಾದರೆ ಹಾಲು ಹೆಚ್ಚು ಕೊಡುವ ಜೆರ್ಸಿಯೇ ಆಗಲಿ ಎಂದು ಯಾರಿಗೂ ಅನಿಸುವುದೇ. ಅಷ್ಟರಲ್ಲಿ ಯೂರಿಯಾ, ಪೊಟಾಷ್ ಮೂಟೆಯಲ್ಲಿ ಸಿಗತೊಡಗಿತ್ತು.

ಹಾಗಾದರೆ ಸರಕಾರದ ತಳಿ ನೀತಿಯ ಪಾಲಿಲ್ಲವೇ? ಖಂಡಿತ ಇದೆ. ಕೇರಳದ 1961ರ ಜಾನುವಾರು ಅಭಿವೃದ್ಧಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬೀಜದ ಹೋರಿ ಸಾಕುವಂತಿರಲಿಲ್ಲ. ನಾಟಿ ಹೋರಿಗಳ ಬೀಜ ಒಡೆಸಬೇಕಿತ್ತು. 1963ರಲ್ಲಿ ಸ್ವಿಜರ್ಲೆಂಡಿನ ನೆರವಿನಿಂದ ಮಾಟ್ಟುಪೆಟ್ಟಿಯಲ್ಲಿ ಬ್ರೌನ್ ಸ್ವಿಸ್ ಹೋರಿಗಳ ಮಿಶ್ರತಳಿ ಯೋಜನೆ ಆರಂಭವಾಯಿತು. ಹಳ್ಳಿಯ ಮಕ್ಕಳಿಗೆ ಹಾಲು ಸಿಕ್ಕಿದ್ದು, ಸಣ್ಣ ರೈತನ ಕೈಯಲ್ಲಿ ವಾರಕ್ಕೊಮ್ಮೆ ದುಡ್ಡಾಡಿದ್ದು ಆ ನೀತಿಯಿಂದಲೇ; ಅದನ್ನು ಬರೀ ಪಿತೂರಿ ಎಂದು ಬಯ್ಯುವುದು ನ್ಯಾಯವಲ್ಲ. ಆದರೆ ಆ ನೀತಿಯ ಲೆಕ್ಕದ ಪುಸ್ತಕದಲ್ಲಿ ಹಾಲಿಗೊಂದೇ ಕಾಲಂ ಇತ್ತು, ಸಗಣಿಗೆ ಇರಲಿಲ್ಲ. ಆದರೂ ನೀತಿಯೊಂದೇ ಕಾರಣವಲ್ಲ; ಅದೇ ಕಾಯ್ದೆ ಇಡೀ ರಾಜ್ಯಕ್ಕೆ ಅನ್ವಯಿಸಿತ್ತು. ತೆಂಕಣ ಕೇರಳದ ವೇಚೂರು ದನ ಎಷ್ಟು ನಾಶವಾಯಿತೆಂದರೆ 1989ರಲ್ಲಿ ಮಣ್ಣುತ್ತಿಯ ಪಶುವೈದ್ಯಕೀಯ ಕಾಲೇಜಿನ ಸೋಸಮ್ಮ ಐಪ್ ಮತ್ತವರ ವಿದ್ಯಾರ್ಥಿಗಳು ಊರೂರು ಹುಡುಕಿ ಒಂದೊಂದನ್ನೇ ಒಟ್ಟುಗೂಡಿಸಬೇಕಾಯಿತು. ಕಾಸರಗೋಡಿನಲ್ಲಿ ಅಂಥ ಗತಿ ಬರಲಿಲ್ಲ. ಇಲ್ಲಿನ ತೋಟಕ್ಕೆ ಗಿಡ್ಡದ ಅಗತ್ಯ ಇನ್ನೂ ಇತ್ತು ಎಂಬುದಕ್ಕಿಂತ ಒಳ್ಳೆಯ ಕಾರಣ ನನಗೆ ಕಾಣುವುದಿಲ್ಲ.

ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು. ಹಳೆಯ ಕಾಲದ ಸಾಕಣೆ ದನದ ಮಟ್ಟಿಗೆ ಅಷ್ಟೇನೂ ಸುಖದ್ದಲ್ಲ ಎಂಬುದು. ಬೇಸಗೆಯಲ್ಲಿ ಗುಡ್ಡ ಒಣಗಿ ಪಕ್ಕೆಲುಬು ಎಣಿಸುವಂತಾಗುತ್ತಿತ್ತು. ಗಂಡು ಕರುವಿಗೆ ಹಾಲು ಬಿಡುವುದರಲ್ಲಿ ಕೈ ಬಿಗಿ. ಮುದಿಯಾದದ್ದನ್ನು ಮಾರಿ ಕೈತೊಳೆದುಕೊಳ್ಳುವವರು ಗೋಪೂಜೆ ಮಾಡುವ ಮನೆಗಳಲ್ಲೂ ಇದ್ದರು. ಇದನ್ನೆಲ್ಲ ಮುಚ್ಚಿಟ್ಟು ಸ್ವರ್ಣಯುಗದ ಕತೆ ಹೇಳಬಾರದು. ಆದರೂ ಹಗಲಿಡೀ ಗುಡ್ಡದಲ್ಲಿ ತನ್ನ ಮಂದೆಯೊಡನೆ ತಿರುಗಿ, ಬೇಕಾದ್ದನ್ನು ಆರಿಸಿ ಮೇಯುವ ದನಕ್ಕೂ, ಸಿಮೆಂಟು ನೆಲದ ಮೇಲೆ ಕುತ್ತಿಗೆ ಹಗ್ಗದಳತೆಯಲ್ಲಿ ವರ್ಷ ಕಳೆಯುವ ದನಕ್ಕೂ ವ್ಯತ್ಯಾಸವಿದೆ. ಹಿಂದಿನ ಕೊರತೆ ಮೇವಿನದು, ಅದನ್ನು ತುಂಬಿಕೊಡಬಹುದು. ಈಗಿನದು ಜಾಗದ್ದು, ಅದು ಅಷ್ಟು ಸುಲಭವಲ್ಲ.

ಈಗ ಬೇಳದಲ್ಲಿ ಕೇರಳ ಸರಕಾರದ ಕಾಸರಗೋಡು ಗಿಡ್ಡ ಸಂರಕ್ಷಣಾ ಕೇಂದ್ರವಿದೆ, ಪೆರ್ಲದ ಬಜಕೂಡ್ಲಿನಲ್ಲಿ ರಾಮಚಂದ್ರಾಪುರ ಮಠದ ಗೋಶಾಲೆಯಿದೆ. ಎರಡೂ ಬೇಕು. ಶೂನ್ಯ ಬಂಡವಾಳ ಕೃಷಿಯ ಪ್ರಚಾರಕ ಸುಭಾಷ್ ಪಾಳೇಕರರು ಸಗಣಿ, ಗಂಜಳದಿಂದ ಮಾಡಿಸುವ ಜೀವಾಮೃತದಿಂದ ನಾಟಿ ದನಕ್ಕೆ ಬೆಲೆ ಬಂದದ್ದೂ ನಿಜ. ಆದರೆ ಒಂದು ದನದಿಂದ 30 ಎಕರೆ ಕೃಷಿ ಮಾಡಬಹುದೆಂಬ ಅವರ ಮಾತನ್ನು ನಂಬಿದ ತೋಟದವನು ಒಂದೇ ದನ ಸಾಕಿಯಾನು, ಮಂದೆ ಸಾಕಲಾರ. ಮಂದೆಯಿಲ್ಲದೆ ಹೋರಿಯಿಲ್ಲ, ಹೋರಿಯಿಲ್ಲದೆ ತಳಿಯಿಲ್ಲ. ದನದ ಬಗ್ಗೆ ಭಾಷಣ ಮಾಡುವ ನಮ್ಮ ಸಂಘ ಸಂಸ್ಥೆಗಳು ಎರಡು ಕೆಲಸ ಕೈಗೆತ್ತಿಕೊಳ್ಳಲಿ: ನಾಲ್ಕೈದು ಮನೆಗಳು ಸೇರಿ ಒಂದು ಗಿಡ್ಡ ಹೋರಿ ಸಾಕಿ, ಒಳಸಂಬಂಧ ಆಗದಂತೆ ಕೆಲವು ವರ್ಷಕ್ಕೊಮ್ಮೆ ಇನ್ನೊಂದು ಊರಿನ ಹೋರಿಯೊಡನೆ ಬದಲಿಸಿಕೊಳ್ಳುವ ವ್ಯವಸ್ಥೆ, ಉಳಿದಿರುವ ಸೊಪ್ಪಿನ ಗುಡ್ಡಕ್ಕೆ ಮತ್ತೆ ರಬ್ಬರ್ ಹಾಕದಂತೆ ಮನೆ ಮನೆಯಲ್ಲಿ ಮಾತುಕತೆ. ಹಾಲಿನ ದರದ ವಿಚಾರ ಆಮೇಲೆ ನೋಡಿಕೊಳ್ಳೋಣ.