ದಿನಾರನ್ನು ರೂಪಾಯಿಗೆ ಗುಣಿಸುವ ಮುನ್ನ

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಭಾರತೀಯರ ಮಾತಿನಲ್ಲಿ 'ಬ್ಯಾಚುಲರ್' ಎಂಬ ಪದಕ್ಕೆ ಬೇರೆಯೇ ಅರ್ಥವಿದೆ. ಮದುವೆಯಾಗಿ ಎರಡು ಮಕ್ಕಳ ತಂದೆಯಾದವನೂ ಅಲ್ಲಿ ಬ್ಯಾಚುಲರ್ ಆಗಿರಬಹುದು. ಹೆಂಡತಿ ಮಕ್ಕಳು ಭಟ್ಕಳದಲ್ಲೋ ಉಡುಪಿಯಲ್ಲೋ ಉಳಿದಿದ್ದರೆ ಅಷ್ಟು ಸಾಕು. ಸಂಸಾರ ಜೊತೆಗಿದ್ದವರು ಮಾತ್ರ 'ಫ್ಯಾಮಿಲಿ'. ಇವೆರಡರ ನಡುವೆ ಗೆರೆ ಎಳೆಯುವುದು ಸಂಬಳ.

ಹೊಸ ಕೆಲಸದ ಸುದ್ದಿ ಬಂದ ಕೂಡಲೇ ಕರಾವಳಿಯ ಮನೆಗಳಲ್ಲಿ ಕೇಳುವ ಮೊದಲ ಪ್ರಶ್ನೆ, 'ನಮ್ಮ ರೂಪಾಯಿಯಲ್ಲಿ ಎಷ್ಟಾಗುತ್ತದೆ?' ಒಬ್ಬನೇ ಹೋಗಿ ಊರಿಗೆ ಹಣ ಕಳಿಸುವವನ ಮಟ್ಟಿಗೆ ಈ ಪ್ರಶ್ನೆ ಸರಿಯೇ. ಸಂಸಾರವನ್ನೂ ಕರೆದೊಯ್ಯುವವನಿಗೆ ಇದೇ ಪ್ರಶ್ನೆ ದಾರಿ ತಪ್ಪಿಸುತ್ತದೆ. ರೂಪಾಯಿಗೆ ಗುಣಿಸುವ ಈ ಅಭ್ಯಾಸ ಹೇಗೆ ಬೇರೂರಿತು ಎಂಬುದಕ್ಕೆ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ.

ಎರಡೂ ಕಡೆ ಒಂದೇ ರೂಪಾಯಿ

ಬಹರೇನ್‌ನಲ್ಲಿ 1932ರಲ್ಲಿ, ಕುವೈತ್‌ನಲ್ಲಿ 1938ರಲ್ಲಿ ತೈಲ ಸಿಕ್ಕಿತು. ತೈಲ ಕಂಪನಿಗಳಿಗೆ ಗುಮಾಸ್ತರು, ಟೈಪಿಸ್ಟರು, ಮೆಕ್ಯಾನಿಕ್‌ಗಳು ಬೇಕಾದರು. ಆಗ ಕೊಲ್ಲಿ ಬ್ರಿಟಿಷರ ಪ್ರಭಾವದಲ್ಲಿತ್ತು. ಕೆಲಸಗಾರರು ಭಾರತದಿಂದ ಮುಂಬಯಿ ಬಂದರಿನ ಮೂಲಕ ಹಡಗು ಹತ್ತಿದರು.

ಆ ಕಾಲದಲ್ಲಿ ಸಂಬಳವನ್ನು ಗುಣಿಸುವ ಪ್ರಶ್ನೆಯೇ ಇರಲಿಲ್ಲ. ಕುವೈತ್, ಬಹರೇನ್, ಕತಾರ್, ದುಬೈಗಳಲ್ಲಿ ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ. ಆದರೆ ನಮ್ಮ ನೋಟುಗಳನ್ನು ಅಲ್ಲಿಗೆ ಸಾಗಿಸಿ ಚಿನ್ನ ಕೊಂಡು ಕಳ್ಳಸಾಗಣೆ ಮಾಡುವ ದಂಧೆ ಬೆಳೆಯಿತು. ಆ ನೋಟುಗಳು ರಿಸರ್ವ್ ಬ್ಯಾಂಕಿಗೆ ಮರಳಿದಾಗ ಭಾರತ ಪೌಂಡ್ ತೆರಬೇಕಾಗುತ್ತಿತ್ತು. ಇದನ್ನು ತಡೆಯಲು 1959ರಲ್ಲಿ ಕೊಲ್ಲಿಗಾಗಿಯೇ ಬೇರೆ ಬಣ್ಣದ ನೋಟುಗಳನ್ನು ರಿಸರ್ವ್ ಬ್ಯಾಂಕ್ ಹೊರಡಿಸಿತು. ಅದೇ 'ಗಲ್ಫ್ ರೂಪಾಯಿ'. ಬಣ್ಣ ಬೇರೆಯಾದರೂ ಬೆಲೆ ಒಂದೇ ಆಗಿತ್ತು.

ಸಂಸಾರ ಕರೆತರಬಹುದೇ ಎಂಬುದನ್ನು ಆಗ ಬಹುಮಟ್ಟಿಗೆ ತೀರ್ಮಾನಿಸುತ್ತಿದ್ದುದು ಕಂಪನಿ ಕೊಡುವ ವಸತಿ. ಕುವೈತ್‌ನಲ್ಲಿ ತೈಲ ಕಂಪನಿ 1940ರ ದಶಕದ ಕೊನೆಯಲ್ಲಿ ಕಟ್ಟಲಾರಂಭಿಸಿದ ಅಹ್ಮದಿ ಪಟ್ಟಣವೇ ಇದಕ್ಕೆ ಉದಾಹರಣೆ. ಉತ್ತರ ಭಾಗದ ವಿಶಾಲ ಮನೆಗಳು ಬ್ರಿಟಿಷ್ ಮತ್ತು ಅಮೆರಿಕನ್ ಅಧಿಕಾರಿಗಳಿಗೆ, ಮಧ್ಯ ಭಾಗ ಭಾರತ ಮತ್ತು ಪಾಕಿಸ್ತಾನದ ಗುಮಾಸ್ತರು, ಕುಶಲಕರ್ಮಿಗಳಿಗೆ, ದಕ್ಷಿಣದ ವಸತಿ ಅರಬ್ ಕಾರ್ಮಿಕರಿಗೆ ಎಂದು ಹಂಚಿಕೆಯಾಗಿತ್ತು.

ಅಪಮೌಲ್ಯ ತಂದ ಲಾಭ

ಕುವೈತ್ 1961ರಲ್ಲಿ ತನ್ನದೇ ದಿನಾರ್ ಜಾರಿಗೆ ತಂದಿತು. ಒಂದು ದಿನಾರ್ ಒಂದು ಪೌಂಡಿಗೆ ಸಮ, ಅಂದರೆ ಸುಮಾರು 13 ರೂಪಾಯಿ 33 ಪೈಸೆ. ಬಹರೇನ್ 1965ರಲ್ಲಿ ಅದೇ ಹಾದಿ ಹಿಡಿಯಿತು. ಮರುವರ್ಷ, 1966ರ ಜೂನ್ 6ರಂದು ಇಂದಿರಾ ಗಾಂಧಿ ಸರ್ಕಾರ ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4.76 ಇದ್ದ ರೂಪಾಯಿ 7.50ಕ್ಕೆ ಇಳಿಯಿತು, ಪೌಂಡ್ 21 ರೂಪಾಯಿಗೆ ಏರಿತು. ಗಲ್ಫ್ ರೂಪಾಯಿಯನ್ನು ಅಲ್ಲಿಯವರೆಗೂ ಬಳಸುತ್ತಿದ್ದ ಕತಾರ್, ದುಬೈ ಕೂಡ ಅದನ್ನು ಕೈಬಿಟ್ಟವು.

ಇದರ ಪರಿಣಾಮವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಕುವೈತ್‌ನಲ್ಲಿ ತಿಂಗಳಿಗೆ 60 ದಿನಾರ್ ಪಡೆಯುತ್ತಿದ್ದ ಗುಮಾಸ್ತನ ಸಂಬಳ ಅಪಮೌಲ್ಯಕ್ಕೆ ಮುಂಚೆ 800 ರೂಪಾಯಿಗೆ ಸಮನಾಗಿತ್ತು. ಮರುದಿನ ಅದು 1,260 ರೂಪಾಯಿ ಆಯಿತು. ಕೆಲಸ ಅದೇ, ಸಂಬಳ ಅದೇ. ಅಲ್ಲಿನ ಅಂಗಡಿಯಲ್ಲಿ ಅವನ 60 ದಿನಾರಿಗೆ ಹಿಂದಿನ ದಿನಕ್ಕಿಂತ ಒಂದು ಹಿಡಿ ಅಕ್ಕಿಯೂ ಹೆಚ್ಚು ಸಿಗಲಿಲ್ಲ. ಲಾಭ ಸಿಕ್ಕಿದ್ದು ಊರಿಗೆ ಕಳಿಸಿದ ಹಣಕ್ಕೆ ಮಾತ್ರ.

ಇದೇ ಕಥೆ ಮತ್ತೆ ಮತ್ತೆ ಮರುಕಳಿಸಿತು. 1973ರ ತೈಲ ಬೆಲೆ ಏರಿಕೆಯ ನಂತರ ಲಕ್ಷಾಂತರ ಭಾರತೀಯರು ಕೊಲ್ಲಿಗೆ ಹೋದರು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಊರುಗಳಲ್ಲಿ ಗಲ್ಫ್ ಹಣದ ಮನೆಗಳು ಎದ್ದವು. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಮತ್ತೊಮ್ಮೆ ಕುಸಿಯಿತು. ಸಾವಿರ ಯುಎಇ ದಿರ್ಹಮ್‌ಗೆ 1990ರಲ್ಲಿ ಸುಮಾರು 4,800 ರೂಪಾಯಿ ಸಿಗುತ್ತಿತ್ತು. 1993ರಲ್ಲಿ ಅದು 8,500 ಆಯಿತು. 2024ರಲ್ಲಿ 22,000 ದಾಟಿತ್ತು. ಊರಿಗೆ ಹಣ ಕಳಿಸುವವನ ಆದಾಯ ತಾನಾಗಿ ಬೆಳೆಯುತ್ತ ಹೋಯಿತು. ಅಲ್ಲೇ ಸಂಸಾರ ಹೂಡಿದವನ ಖರ್ಚಿಗೆ ಈ ಬೆಳವಣಿಗೆಯಿಂದ ಬಿಡಿಗಾಸಿನ ನೆರವೂ ಆಗಲಿಲ್ಲ.

ಸರ್ಕಾರ ಎಳೆದ ಗೆರೆ

ವಲಸಿಗರ ಸಂಖ್ಯೆ ಹೆಚ್ಚಿದಂತೆ ಯಾರು ಸಂಸಾರ ತರಬಹುದು ಎಂಬುದನ್ನು ಕಂಪನಿಗಳ ಬದಲು ಸರ್ಕಾರಗಳೇ ನಿರ್ಧರಿಸತೊಡಗಿದವು. ಇಷ್ಟು ಸಂಬಳವಿದ್ದರೆ ಮಾತ್ರ ಹೆಂಡತಿ ಮಕ್ಕಳಿಗೆ ವೀಸಾ ಎಂಬ ನಿಯಮ ಬಂತು. ಜನಸಂಖ್ಯೆಯ ಮೂರನೇ ಎರಡರಷ್ಟು ವಿದೇಶಿಯರೇ ಇರುವ ಕುವೈತ್‌ನಲ್ಲಿ ಈ ಮಿತಿ 250 ದಿನಾರ್ ಇತ್ತು. 2016ರಲ್ಲಿ 450ಕ್ಕೆ, 2019ರಲ್ಲಿ 500ಕ್ಕೆ, 2024ರಲ್ಲಿ 800ಕ್ಕೆ ಏರಿತು. ಯುಎಇಯಲ್ಲಿ ಹಿಂದೆ ಹುದ್ದೆಯ ಹೆಸರನ್ನೂ ನೋಡುತ್ತಿದ್ದರು. 2019ರಲ್ಲಿ ಅದನ್ನು ಬಿಟ್ಟು 4,000 ದಿರ್ಹಮ್, ಇಲ್ಲವೇ 3,000 ದಿರ್ಹಮ್ ಮತ್ತು ವಸತಿ ಎಂಬ ಮಾನದಂಡ ತಂದರು.

ಈ ಮಿತಿ ದಾಟಿದರೆ ಸಂಸಾರ ಸಾಗುತ್ತದೆ ಎಂದು ತಿಳಿಯುವವರು ಅನೇಕ. ಆದರೆ ವೀಸಾ ನಿಯಮ ಹೇಳುವುದು ಕುಟುಂಬ ಬರಬಹುದು ಎಂದಷ್ಟೇ, ಬದುಕಬಹುದು ಎಂದಲ್ಲ. ಒಂದು ಮಗುವಿದ್ದವನಿಗೂ ಮೂರು ಮಕ್ಕಳಿದ್ದವನಿಗೂ ಅದು ಸಂಬಳದ ಒಂದೇ ಅಂಕಿಯನ್ನು ಮುಂದಿಡುತ್ತದೆ.

ಕುಟುಂಬಕ್ಕೆ ಎಷ್ಟು ಬೇಕು ಎಂದು ಅಳೆಯುವ ಬೇರೆ ವಿಧಾನವನ್ನು ಭಾರತವೇ ರೂಪಿಸಿಕೊಂಡಿತ್ತು. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಸೂತ್ರ ಕೊಟ್ಟಾಗ ಸಂಬಳದಿಂದ ಶುರು ಮಾಡಲಿಲ್ಲ, ಮನೆಯ ಅಗತ್ಯದಿಂದ ಶುರು ಮಾಡಿತು. ದುಡಿಯುವವನ ಕುಟುಂಬವೆಂದರೆ ಊಟದ ಲೆಕ್ಕಕ್ಕೆ ಮೂರು ಪಾಲು. ಆಹಾರ ತಜ್ಞ ಡಾ. ಅಯ್ಕ್ರಾಯ್ಡ್ ಸೂಚಿಸಿದಷ್ಟು ಆಹಾರ, ನಾಲ್ವರಿಗೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ, ದೀಪ ಮುಂತಾದವುಗಳಿಗೆ ಒಟ್ಟು ವೇತನದ ಶೇ 20. ವಿದೇಶಕ್ಕೆ ಹೊರಟವರ ಲೆಕ್ಕಕ್ಕೂ ಈ ಕ್ರಮ ಒಪ್ಪುತ್ತದೆ. ಪಟ್ಟಿಯ ವಸ್ತುಗಳು ಬೇರೆ, ಅಷ್ಟೇ.

ತಲೆಗಿಷ್ಟು ಶುಲ್ಕ

ಒಮ್ಮೆ ಸರಿಹೊಂದಿದ ಲೆಕ್ಕವೂ ಕೆಡಬಹುದು ಎಂಬುದನ್ನು ಸೌದಿ ಅರೇಬಿಯಾ ತೋರಿಸಿತು. 2017ರ ಜುಲೈನಿಂದ ವಿದೇಶಿ ನೌಕರನ ಪ್ರತಿ ಅವಲಂಬಿತರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಜಾರಿಯಾಯಿತು. ಅದು ವರ್ಷಕ್ಕೆ ನೂರರಂತೆ ಏರಿ 2020ರಲ್ಲಿ 400 ರಿಯಾಲ್ ಮುಟ್ಟಿತು.

ಹೆಂಡತಿ, ಇಬ್ಬರು ಮಕ್ಕಳಿರುವ, 5,000 ರಿಯಾಲ್ ಸಂಬಳದ ನೌಕರನನ್ನು ಊಹಿಸಿಕೊಳ್ಳಿ. ಮೊದಲ ವರ್ಷ ಅವನ ಶುಲ್ಕ ತಿಂಗಳಿಗೆ 300 ರಿಯಾಲ್, ಅಂದರೆ ಸಂಬಳದ ಶೇ 6. ನಾಲ್ಕನೆಯ ಹಂತದಲ್ಲಿ 1,200 ರಿಯಾಲ್, ಅಂದರೆ ಶೇ 24. ವಾಸದ ಪರವಾನಗಿಯಾದ ಇಕಾಮಾ ನವೀಕರಿಸುವಾಗ ವರ್ಷದ ಹಣವನ್ನು ಒಟ್ಟಿಗೆ ಮುಂಗಡವಾಗಿ ಕಟ್ಟಬೇಕಿತ್ತು. 2018ರಲ್ಲಿ ಶೇ 5ರ ವ್ಯಾಟ್ ಬಂತು. 2020ರ ಜುಲೈನಲ್ಲಿ ಅದು ಶೇ 15 ಆಯಿತು. ಹಲವು ಭಾರತೀಯ ಕುಟುಂಬಗಳು ಊರಿಗೆ ಮರಳಿದವು. ಮಕ್ಕಳು ಶಾಲೆ ಬದಲಿಸಿದರು. ವರ್ಷಗಟ್ಟಲೆ ಸಂಸಾರ ನಡೆಸಿದ್ದವರು ಮತ್ತೆ ಬ್ಯಾಚುಲರ್ ಕೋಣೆ ಸೇರಿದರು.

ಸಂಬಳ ಪತ್ರದ ಒಳಗೆ

ಕೊಲ್ಲಿಯಲ್ಲಿ ಸಂಬಳಕ್ಕೆ ಆದಾಯ ತೆರಿಗೆಯಿಲ್ಲ ಎಂಬುದು ದೊಡ್ಡ ಆಕರ್ಷಣೆ. ಆದರೆ ಸಂಬಳ ಎಷ್ಟು ಎಂಬುದರಷ್ಟೇ ಅದು ಹೇಗೆ ಹಂಚಿಕೆಯಾಗಿದೆ ಎಂಬುದೂ ಮುಖ್ಯ. ಯುಎಇಯಲ್ಲಿ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ವೇತನ. ಆದರೆ ಅದು ಮೂಲ ವೇತನಕ್ಕೆ ಮಾತ್ರ ಅನ್ವಯ. ಭತ್ಯೆಗಳೇ ಹೆಚ್ಚಿದ್ದು ಮೂಲ ವೇತನ ಕಡಿಮೆ ಇದ್ದರೆ, ಒಟ್ಟು ಮೊತ್ತ ದೊಡ್ಡದಾಗಿ ಕಂಡರೂ ಕೊನೆಗೆ ಕೈಗೆ ಬರುವುದು ಅಲ್ಪ.

ಬಾಡಿಗೆಯ ಪದ್ಧತಿಯೂ ನಮ್ಮದರಂತಲ್ಲ. ದುಬೈಯಲ್ಲಿ ವರ್ಷದ ಬಾಡಿಗೆಯನ್ನು ಒಂದೋ ನಾಲ್ಕೋ ಚೆಕ್‌ಗಳಲ್ಲಿ, ಮುಂದಿನ ದಿನಾಂಕ ನಮೂದಿಸಿ ಕೊಡುವ ರೂಢಿ. ಖಾತೆಯಲ್ಲಿ ಹಣವಿಲ್ಲದೆ ಚೆಕ್ ಮರಳಿದರೆ ಜೈಲು ಕಾಣುವ ಭಯವಿತ್ತು. 2022ರಲ್ಲಿ ಆ ಕಾನೂನು ಸಡಿಲಗೊಂಡಿತು. ವರ್ಷದ ಬಾಡಿಗೆಯ ಶೇ 5ರಷ್ಟು ನಗರಪಾಲಿಕೆ ಶುಲ್ಕ ನೀರು ಮತ್ತು ವಿದ್ಯುತ್ ಬಿಲ್ಲಿನೊಂದಿಗೆ ಬರುತ್ತದೆ. ಭಾರತೀಯ ಮಕ್ಕಳು ಹೋಗುವುದು ಸಾಮಾನ್ಯವಾಗಿ ಶುಲ್ಕ ತೆರಬೇಕಾದ ಖಾಸಗಿ ಭಾರತೀಯ ಶಾಲೆಗಳಿಗೆ. ರಜೆಯಲ್ಲಿ ಊರಿಗೆ ಬರಲು ನಾಲ್ವರ ವಿಮಾನ ಟಿಕೆಟ್ ಬೇಕು. ಇತ್ತ ಊರಿನಲ್ಲಿ ಅಪ್ಪ ಅಮ್ಮನ ಖರ್ಚು, ಮನೆ ಸಾಲದ ಕಂತು ನಿಲ್ಲುವುದಿಲ್ಲ.

ಇನ್ನೊಂದು ಅಪಾಯವನ್ನು 1990ರ ಆಗಸ್ಟ್ 2 ಕಲಿಸಿತು. ಇರಾಕ್ ಅಂದು ಕುವೈತ್ ಮೇಲೆ ದಾಳಿ ಮಾಡಿತು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರನ್ನು, ಬಹುಪಾಲು ಜೋರ್ಡಾನ್‌ನ ಅಮ್ಮಾನ್ ಮೂಲಕ, ವಿಮಾನಗಳಲ್ಲಿ ಕರೆತರಬೇಕಾಯಿತು. ಸಂಪಾದನೆಯನ್ನೆಲ್ಲ ಅಲ್ಲೇ ಇಟ್ಟುಕೊಂಡಿದ್ದ ಕುಟುಂಬಗಳು ಬರಿಗೈಯಲ್ಲಿ ಇಳಿದವು. ಯುದ್ಧ ದಿನನಿತ್ಯದ ಮಾತಲ್ಲ, ನಿಜ. ಆದರೆ ಕೆಲಸ ಹೋಗುವುದು ಅಪರೂಪವಲ್ಲ. ಹೆಂಡತಿ ಮಕ್ಕಳ ವೀಸಾ ದುಡಿಯುವವನ ವೀಸಾಕ್ಕೆ ಅಂಟಿಕೊಂಡಿರುವುದರಿಂದ ಕೆಲಸ ಹೋದರೆ ಇಡೀ ಮನೆಯೇ ಹೊರಡಬೇಕಾಗುತ್ತದೆ. ಮರಳುವ ಖರ್ಚು ಮತ್ತು ಕೆಲವು ತಿಂಗಳ ಜೀವನದ ಹಣ ಊರಿನ ಬ್ಯಾಂಕಿನಲ್ಲಿ ಇರುವಷ್ಟು ಉಳಿತಾಯ ಸಾಧ್ಯವೇ ಎಂಬುದೂ ಸಂಬಳದ ಲೆಕ್ಕಕ್ಕೇ ಸೇರಬೇಕು.

ಗಲ್ಫ್ ರೂಪಾಯಿಯ ಕಾಲ ಮುಗಿದ ಮೇಲೆ ಕರಾವಳಿ ರೂಢಿಸಿಕೊಂಡ ಗುಣಾಕಾರ ತಪ್ಪಲ್ಲ. ಮಾಡುವ ಕ್ರಮ ಬದಲಾಗಬೇಕಷ್ಟೆ. ಸಂಸಾರದೊಂದಿಗೆ ಹೊರಡುವವರು ಮೊದಲು ಆ ದೇಶದ ಹಣದಲ್ಲೇ ಬಾಡಿಗೆ, ಶಾಲೆ, ಊಟ, ವೀಸಾ, ಟಿಕೆಟ್ ಎಲ್ಲವನ್ನೂ ಕಳೆಯಬೇಕು. ಉಳಿದದ್ದನ್ನು ಮಾತ್ರ ರೂಪಾಯಿಗೆ ಗುಣಿಸಬೇಕು. ಆ ಮೊತ್ತ ಊರಿನ ಜವಾಬ್ದಾರಿಗೂ ಕಷ್ಟಕಾಲಕ್ಕೂ ಸಾಲುವಂತಿದ್ದರೆ ಸಂಸಾರ ಜೊತೆಯಾಗಬಹುದು. ಸಾಲದಿದ್ದರೆ, ಯಾರು ಎಷ್ಟು ವರ್ಷ ದೂರವಿರಬೇಕು ಎಂಬುದನ್ನು ಗಂಡ ಹೆಂಡತಿ ಹೊರಡುವ ಮುಂಚೆಯೇ ಕೂತು ಮಾತಾಡಿಕೊಳ್ಳುವುದು ಲೇಸು.